ಚಹಾಕ್ಕೆ ಎರಡು ಹನಿ ವೆನಿಲ್ಲಾ

ಆ ವರ್ಷ ನನಗೆ ಅನ್ನ ಸೇರುತ್ತಿರಲಿಲ್ಲ. ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅದು ಗಂಡೋ ಹೆಣ್ಣೋ ಅಂತ ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟರೆ ಅದು ಅಲ್ಲೇ ಉಳಿಯುತ್ತಿತ್ತು, ನುಂಗುವುದೇ ಮರೆತುಹೋಗಿತ್ತು. ಅತ್ತೆ ನುಚ್ಚಿಗೆ ಮಜ್ಜಿಗೆ ಕಲಸಿ ತಂದು ಮುಂದೆ ಕೂತು, "ಒಂದು ತುತ್ತು ತಿನ್ನವಾ, ನನ್ನ ಸಲುವಾಗಿ ತಿನ್ನು" ಅನ್ನುತ್ತಿದ್ದರು. ಅವರಿಗಾಗಿ ಒಂದು ತುತ್ತು ತಿಂದರೆ ಅದೂ ಹೊರಗೆ ಬರುತ್ತಿತ್ತು.

ನನ್ನ ತವರು ಗಡಹಿಂಗ್ಲಜ. ಅಪ್ಪನಿಗೆ ಅಲ್ಲಿಯ ಪೇಟೆಯಲ್ಲಿ ಮೆಣಸಿನಕಾಯಿ, ಶೇಂಗಾದ ವ್ಯಾಪಾರ. ನಮ್ಮ ಮನೆಯವರ ಊರು ದತ್ತವಾಡ. ಹೊಲವನ್ನು ಅವರ ಅಣ್ಣ ನೋಡಿಕೊಳ್ಳುತ್ತಿದ್ದರು. ಇಬ್ಬರ ಸಂಸಾರಕ್ಕೆ ಅದು ಸಾಲದು ಅಂತ ಇವರು ಇಚಲಕರಂಜಿಗೆ ಬಂದು ಮಗ್ಗದ ಕೆಲಸಕ್ಕೆ ಸೇರಿದ್ದರು. ಆ ಊರಿನ ಶಹಾಪುರ ಭಾಗದಲ್ಲಿ ಮಗ್ಗದ ಶೆಡ್ಡುಗಳ ಹಿಂದಿನ ಸಾಲುಮನೆಗಳಲ್ಲೊಂದರಲ್ಲಿ ನಾವು ಮೂವರು ಇದ್ದೆವು, ನಾನು, ಇವರು, ಅತ್ತೆ. ಆಗಿನ್ನೂ ಮುಂಬಯಿ ರಾಜ್ಯ ಒಡೆದಿರಲಿಲ್ಲ.

ಕೊನೆಗೆ ಒಂದು ದಿನ ಇವರು ರಜೆ ಹಾಕಿ ನನ್ನನ್ನು ಕೊಲ್ಹಾಪುರದ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದರು. ಡಾಕ್ಟರು ಕಣ್ಣು, ನಾಲಿಗೆ, ಹೊಟ್ಟೆ ಎಲ್ಲ ನೋಡಿ, "ರೋಗ ಏನಿಲ್ಲ. ಊಟ ಮಾಡಬೇಕು ಅಷ್ಟೇ" ಅಂದು ಕೆಂಪು ಟಾನಿಕ್ಕು ಬರೆದುಕೊಟ್ಟರು. ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಒಂದು ಓಣಿಯಲ್ಲಿ ನಾನು ನಿಂತುಬಿಟ್ಟೆ.

"ಇದೇನ ವಾಸನಿ ರೀ?" ಅಂದೆ.

ನಾನಾಗಿಯೇ ಒಂದು ಮಾತು ಕೇಳಿ ಎಷ್ಟೋ ದಿನಗಳಾಗಿದ್ದವು. ಇವರು ನನ್ನ ಮುಖ ನೋಡಿದರು, ಆಮೇಲೆ ಮೂಗೆತ್ತಿ ವಾಸನೆ ಹಿಡಿದರು. ಪಕ್ಕದಲ್ಲೇ ಒಂದು ಬೇಕರಿ. ಭಟ್ಟಿಯಿಂದ ಆಗಷ್ಟೇ ತೆಗೆದ ಬಿಸ್ಕೀಟಿನ ತಗಡುಗಳನ್ನು ಆರಲು ಇಟ್ಟಿದ್ದರು. ಹಿಂಬಾಗಿಲ ಹತ್ತಿರ ಡಬ್ಬಿ ಬೋರಲು ಹಾಕಿ ಒಬ್ಬ ಮುದುಕ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದ. ನಾನು ಹಿಡಿದ ವಾಸನೆ ಬಿಸ್ಕೀಟಿನದಾಗಿರಲಿಲ್ಲ, ಆ ಬಸಿಯದು.

ಇವರು ಮರಾಠಿಯಲ್ಲಿ ಸಂಕೋಚದಿಂದಲೇ ನನ್ನ ವಿಷಯ ಹೇಳಿದರು. ಮುದುಕ ಮುಂದೇನೂ ಕೇಳಲಿಲ್ಲ. "ಬಸ್, ಪೋರಿ, ಬಸ್" ಅಂತ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಕಿಟಲಿಯಿಂದ ಬಸಿಗೆ ಚಹಾ ಸುರಿದು, ಗೂಡಿನಲ್ಲಿದ್ದ ಸಣ್ಣ ಕಂದು ಬಾಟಲಿಯಿಂದ ಎರಡೇ ಎರಡು ಹನಿ ಬಿಟ್ಟು ಕೈಗೆ ಕೊಟ್ಟ. ತನಗೆ ಬಿಸ್ಕೀಟು ಕಡಿಯಲು ಹಲ್ಲಿಲ್ಲ, ಅದಕ್ಕೇ ಬಿಸ್ಕೀಟಿನ ವಾಸನೆಯನ್ನು ಚಹಾದಲ್ಲಿ ಕುಡಿಯುತ್ತೇನೆ ಅಂತ ಬೊಚ್ಚುಬಾಯಿ ತೆರೆದು ನಕ್ಕ.

ನಾನು ಕುಡಿದೆ. ಇಡೀ ಬಸಿ ಕುಡಿದೆ. ಇನ್ನೊಂದು ಬಸಿ ಕೇಳಿ ಕುಡಿದೆ. ಅದರ ರುಚಿಯನ್ನು ಹೇಗೆ ಹೇಳಲಿ? ಏಲಕ್ಕಿ, ಶುಂಠಿಯ ಹಾಗೆ ಅದು ನಾಲಿಗೆಯನ್ನು ಚುಚ್ಚುವುದಿಲ್ಲ. ಮೊದಲು ಮೂಗಿಗೆ ಬರುತ್ತದೆ, ಬಸಿ ಇನ್ನೂ ತುಟಿಗೆ ತಾಗಿರುವುದಿಲ್ಲ. ಆಮೇಲೆ ಹಾಲಿನ ಕೆನೆ, ಸಕ್ಕರೆ, ಚಹಾದ ಒಗರು ಎಲ್ಲ ಒಂದರ ಕೈ ಒಂದು ಹಿಡಿದುಕೊಂಡಂತೆ ಒಟ್ಟಿಗೆ ಒಳಗೆ ಇಳಿಯುತ್ತವೆ. ನುಂಗಿದ ಮೇಲೂ ಗಂಟಲಲ್ಲಿ ಸ್ವಲ್ಪ ಹೊತ್ತು ಇರುತ್ತದೆ. ಮುದುಕ ಎರಡು ಬಿಸ್ಕೀಟು ಕೊಟ್ಟ, ಅವನ್ನೂ ಅದ್ದಿಕೊಂಡು ತಿಂದೆ. ಇವರು ಆ ಕಡೆ ತಿರುಗಿ ಗೋಡೆ ನೋಡುತ್ತ ನಿಂತಿದ್ದರು. ಕಣ್ಣು ಒರೆಸಿಕೊಳ್ಳುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು.

ಬಾಟಲಿಯಲ್ಲಿ ಏನಿದೆ ಅಂತ ಕೇಳಿದಾಗ ಮುದುಕ, ಸಮುದ್ರದಾಚೆ ಎಲ್ಲೋ ಒಂದು ಬಳ್ಳಿ ಇದೆ, ಅದಕ್ಕೆ ನಮ್ಮ ಬೀನ್ಸಿನ ಹಾಗೆ ಕಾಯಿ ಬಿಡುತ್ತದೆ, ಕಾಯಿ ಒಣಗಿ ಕಪ್ಪಾದ ಮೇಲೆ ಈ ವಾಸನೆ ಬರುತ್ತದೆ, ಹೆಸರು ವೆನಿಲ್ಲಾ ಅಂದ. ಆ ಕಾಯಿಯನ್ನು ತಾನೂ ಕಂಡಿಲ್ಲ, ತನ್ನ ಮಾಲಕನೂ ಕಂಡಿಲ್ಲ ಅಂತಲೂ ಸೇರಿಸಿದ. ಆ ಬಾಟಲಿಯೊಳಗಿನದು ಬಹುಶಃ ಯಾವ ಬಳ್ಳಿಯನ್ನೂ ಕಂಡದ್ದಲ್ಲ, ಕಾರಖಾನೆಯಲ್ಲಿ ಮಾಡಿದ್ದು ಅಂತ ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದುಕೊಂಡೆ. ಆವತ್ತು ನಮಗೆ ಅದೆಲ್ಲ ಬೇಕಿರಲಿಲ್ಲ. ಪೇಟೆಯಲ್ಲಿ ಅಂಥದೇ ಒಂದು ಬಾಟಲಿ ಹುಡುಕಿ ತೆಗೆದುಕೊಂಡು, ಕೆಂಪು ಟಾನಿಕ್ಕನ್ನು ಮರೆತು ಬಸ್ಸು ಹತ್ತಿದೆವು.

ಮನೆಯಲ್ಲಿ ಮೊದಲ ದಿನ ಇವರು ಎಸೆನ್ಸನ್ನು ಚಹಾದ ಜೊತೆಗೇ ಕುದಿಸಿದರು. ವಾಸನೆ ಓಣಿಗೆಲ್ಲ ಹೋಯಿತು, ಕಪ್ಪಿನಲ್ಲಿ ಏನೂ ಉಳಿಯಲಿಲ್ಲ. ಮರುದಿನ ಒಲೆಯಿಂದ ಇಳಿಸಿ, ಸೋಸಿ, ಕಪ್ಪಿಗೆ ಹಾಕಿದ ಮೇಲೆ ಎರಡು ಹನಿ ಬಿಟ್ಟರು. ಸರಿಯಾಯಿತು. ಅಲ್ಲಿಂದ ಮುಂದೆ ಅದೇ ಪದ್ಧತಿ. ಪಾಳಿ ಮುಗಿಸಿ ಬಂದು, ತಲೆ, ಹುಬ್ಬಿಗೆ ಅಂಟಿದ ಹತ್ತಿಯ ಅರಳೆ ಕೊಡವಿಕೊಂಡು, ಕೈಕಾಲು ತೊಳೆದು ಇವರೇ ಒಲೆಯ ಮುಂದೆ ಕೂರುತ್ತಿದ್ದರು. ಗಂಡಸು ಒಲೆಯ ಮುಂದೆ ಕೂರುವುದೇನು ಅಂತ ಅತ್ತೆ ಮೊದಮೊದಲು ಗೊಣಗಿದರು. ಆಮೇಲೆ ಅವರೂ ಕಾಯತೊಡಗಿದರು.

ಅತ್ತೆ ಕಟ್ಟುನಿಟ್ಟಿನ ಹೆಂಗಸು. ಲಿಂಗಪೂಜೆ ಆಗದೆ ನೀರು ಮುಟ್ಟುವವರಲ್ಲ, ಬೇರೆಯವರ ಮನೆಯಲ್ಲಿ ಉಣ್ಣುವವರಲ್ಲ. ಗಂಡನನ್ನು ಬೇಗ ಕಳೆದುಕೊಂಡು ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವರು, ಬಾಯಿ ಚಪಲ ಅಂದರೆ ಏನು ಅಂತ ಗೊತ್ತಿಲ್ಲದವರು. ಅಂಥವರು ಮಧ್ಯಾಹ್ನ ಬಿಸಿಲು ಇಳಿಯುತ್ತಿದ್ದಂತೆ ಬಾಗಿಲ ಕಡೆ ನೋಡುತ್ತ, "ಬಂದಾನೇನ ನೋಡವಾ, ಚಾದ ಹೊತ್ತಾತು" ಅನ್ನುತ್ತಿದ್ದರು. ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಕಣ್ಣು ಮುಚ್ಚಿ ವಾಸನೆ ತೆಗೆದುಕೊಳ್ಳುತ್ತಿದ್ದರು. "ಯಾವ ಪುಣ್ಯಾತ್ಮ ಕಂಡುಹಿಡದಾನೋ!" ಅನ್ನುತ್ತಿದ್ದರು. ನನ್ನ ಆಯುಷ್ಯದಲ್ಲಿ ಸುಖ ಅಂತ ಇದ್ದದ್ದು ಆ ಮಧ್ಯಾಹ್ನಗಳು. ಚಹಾದ ಜೊತೆ ಬಿಸ್ಕೀಟು, ಬಿಸ್ಕೀಟಿನ ಜೊತೆ ಅರ್ಧ ರೊಟ್ಟಿ, ಹೀಗೆ ಊಟಕ್ಕೂ ತಿರುಗಿ ಬಂದೆ. ಮಗು ಮಾತ್ರ ಮತ್ತೆ ನಿಲ್ಲಲಿಲ್ಲ.

ಮುಂದೆ ಇವರಿಗೆ ಕೆಮ್ಮು ಶುರುವಾಯಿತು. ರಾತ್ರಿಯೆಲ್ಲ ಒಣ ಕೆಮ್ಮು. ಅರಳೆಯ ಧೂಳು ಎದೆಗೆ ಇಳಿದಿದೆ, ಮಗ್ಗ ಬಿಡದೆ ಬೇರೆ ಔಷಧ ಇಲ್ಲ ಅಂತ ಡಾಕ್ಟರು ಹೇಳಿದರು. ಅತ್ತೆ ತಮ್ಮ ಕೈಯ ಬಂಗಾರದ ಪಾಟ್ಲಿ ತೆಗೆದು ಮಗನ ಮುಂದಿಟ್ಟು, "ನಿನ್ನ ಚಾ ಚೊಲೋ ಇರ್ತೈತಿ. ಅದನ್ನs ಮಾಡು" ಅಂದರು. ಶೆಡ್ಡುಗಳ ಎದುರಿಗೆ, ಬೇವಿನ ಗಿಡದ ಕೆಳಗೆ ತಗಡಿನ ಹೊಟೇಲು ಎದ್ದಿತು. ಒಂದು ಒಲೆ, ಗಿರಾಕಿಗಳು ಕೂರಲು ಎರಡು ಬಾಕು, ಗೋಡೆಗೆ ಕಪ್ಪು-ಬಸಿಯ ಗೂಡು. ನಾನು ಮನೆಯಲ್ಲಿ ಭಜಿಗೆ ಹಿಟ್ಟು ಕಲಸಿ ಕಳಿಸುತ್ತಿದ್ದೆ, ಹೊತ್ತಾದಾಗ ಹೋಗಿ ಕಪ್ಪು ತೊಳೆಯುತ್ತಿದ್ದೆ.

ನಮ್ಮ ಮನೆಯ ಚಹಾವನ್ನೇ ಇವರು ಹೊಟೇಲಿನಲ್ಲೂ ಇಟ್ಟರು. ಬೇಕಾದವರಿಗೆ ಮಾತ್ರ ಎರಡು ಹನಿ. ಮೊದಲ ವಾರ ಗಿರಾಕಿಗಳು ಮೂಗು ಮುರಿದರು, "ಚಾಕ್ಕ ಅತ್ತರ್ ಹಾಕೀರೇನು?" ಅಂತ ನಕ್ಕರು. ಆಮೇಲೆ ಪಾಳಿ ಬಿಡುವ ಹೊತ್ತಿಗೆ ಬಾಕಿನ ಮೇಲೆ ಜಾಗ ಸಿಗದಂತಾಯಿತು. ಇಡೀ ಪಾಳಿ ಎಣ್ಣೆ, ನೂಲಿನ ಗಂಜಿ, ಹತ್ತಿಯ ನಡುವೆ ಮೂಗು ಸತ್ತುಹೋದ ಜನ. ಬೇಕಾಗಿದ್ದದ್ದು ಬೇರೆ ಒಂದು ವಾಸನೆ, ಅಷ್ಟೇ. ಮನೆಗಳಿಂದ ಹೆಂಗಸರು ತಂಬಿಗೆ ಕಳಿಸಿ ತರಿಸುತ್ತಿದ್ದರು. ಚಂದಗಡದ ಬಸ್ಸಿನ ಒಬ್ಬ ಡ್ರೈವರ್ ಇಚಲಕರಂಜಿಗೆ ಬಂದಾಗಲೆಲ್ಲ ಹುಡುಕಿಕೊಂಡು ಬಂದು ಕುಡಿದು ಹೋಗುತ್ತಿದ್ದ. ಇವರ ಕೆಮ್ಮು ಕಡಿಮೆಯಾಯಿತು. ಮೈ ಸ್ವಲ್ಪ ತುಂಬಿತು. ಹೊಟೇಲಿನಲ್ಲಿ ನಿಂತು ಯಾರದೋ ಮಾತಿಗೆ ದೊಡ್ಡದಾಗಿ ನಗುವುದು ಮನೆಗೂ ಕೇಳಿಸುತ್ತಿತ್ತು.

ಇದೆಲ್ಲ ಹಾಳಾದದ್ದು ಒಂದು ಸುಳ್ಳಿನಿಂದ. ಅದೂ ಯಾರಿಗೂ ಕೇಡು ಮಾಡಬೇಕು ಅಂತ ಹೇಳಿದ ಸುಳ್ಳಲ್ಲ.

ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ನೇಕಾರ, ಹೊಸದಾಗಿ ಮದುವೆಯಾದವನು. ಆಗ ರಾಜ್ಯಕ್ಕೆಲ್ಲ ದಾರೂಬಂದಿ, ಹೆಂಡ ಮಾರಿದರೂ ಕುಡಿದರೂ ಗುನ್ಹೆ. ಹಾಗಂತ ದಾರೂ ಸಿಗುತ್ತಿರಲಿಲ್ಲ ಅಂತಲ್ಲ, ನದಿಯ ಕಡೆ ಗಿಡಗಂಟಿಯಲ್ಲಿ ಕಳ್ಳಭಟ್ಟಿ ಇದ್ದವು. ಅವನು ಅಲ್ಲಿ ಕುಡಿದು ಒಂದು ಸಂಜೆ ತೂರಾಡುತ್ತ ಮನೆಗೆ ಬಂದ. ಹೆಂಡತಿ ಹಿಡಿದು ಕೇಳಿದಳು. ಅವನಿಗೆ ಏನು ತೋಚಿತೋ, "ಎದುರಿನ ಹೊಟೇಲಿನಾಗ ಚಾ ಕುಡದೇನಿ. ಆ ವಾಸನಿ ಚಾದಾಗ ಏನ ಹಾಕ್ತಾರೋ ಯಾರಿಗ್ಗೊತ್ತು, ತಲಿ ತಿರಗಾಕತ್ತೈತಿ" ಅಂದುಬಿಟ್ಟ.

ಮರುದಿನ ಬೆಳಿಗ್ಗೆ ಅವಳು ಹೊಟೇಲಿಗೆ ಬಂದಳು. ನಾನು ಕಪ್ಪು ತೊಳೆಯುತ್ತಿದ್ದೆ. ಬಸುರಿ, ಸೆರಗು ಬಿಗಿದುಕೊಂಡು ನಿಂತಿದ್ದಳು. ಬಾಕಿನ ತುಂಬ ಜನ.

"ಆ ಬಾಟ್ಲಿ ಕೊಡ್ರಿ ಇಲ್ಲಿ," ಅಂದಳು.

ಇವರು ಅನುಮಾನಪಡದೆ ಕೊಟ್ಟರು. ಅವಳು ಬಿರಡೆ ತೆಗೆದು ಮೂಗಿಗೆ ಹಿಡಿದಳು. ಎಸೆನ್ಸನ್ನು ಹಾಗೆ ಬಾಟಲಿಯಿಂದಲೇ ಮೂಸಿದರೆ ಸಿಹಿ ವಾಸನೆಗಿಂತ ಮೊದಲು ಒಂದು ಘಾಟು ಹೊಡೆಯುತ್ತದೆ. ಅವಳು ತಲೆ ಹಿಂದಕ್ಕೆ ಎಳೆದುಕೊಂಡಳು.

"ದಾರೂನs ಇದು! ನಮ್ಮಪ್ಪ ಕುಡದು ಕುಡದು ಸತ್ತಾನ. ನನಗ ಗೊತ್ತಿಲ್ಲೇನು ಈ ವಾಸನಿ?"

"ತಂಗೀ, ಅದು ಬಿಸ್ಕೀಟಿಗೆ ಹಾಕೂದವಾ. ಕೊಲ್ಹಾಪುರದಾಗ ಎಲ್ಲಾ ಅಂಗಡ್ಯಾಗೂ ಸಿಗತೈತಿ," ಅಂದರು ಇವರು.

"ನನಗ ಏನೂ ಹೇಳಬ್ಯಾಡ್ರಿ! ಲಿಂಗಾ ಕಟಗೊಂಡು ಮಂದಿಗೆ ದಾರೂ ಕುಡಸಾಕತ್ತೀರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ!" ಅಂತ ಅವಳು ಅತ್ತಳು. ಬಾಕಿನ ಮೇಲಿನವರು ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿ ಮೂಸಿದರು. ಆ ಗುಂಪಿನಲ್ಲಿ ಅವಳ ಗಂಡನೂ ಇದ್ದ, ತಲೆ ತಗ್ಗಿಸಿ ತನ್ನ ಬಸಿ ನೋಡುತ್ತ ಕೂತಿದ್ದ.

ಸಂಜೆಗೆ ಅರ್ಧ ಬಾಕು ಖಾಲಿ. ತಂಬಿಗೆಗಳು ಬರಲಿಲ್ಲ. ಕೆಲವು ದಿನಗಳ ಮೇಲೆ ದಾರೂಬಂದಿ ಇಲಾಖೆಯ ಇಬ್ಬರು ಬಂದರು. ಯಾರೋ ಅರ್ಜಿ ಕೊಟ್ಟಿದ್ದರಂತೆ. ಅವರು ಒರಟಾಗಿ ನಡೆದುಕೊಳ್ಳಲಿಲ್ಲ. ಬಾಟಲಿಯನ್ನು ಕಾಗದದಲ್ಲಿ ಸುತ್ತಿ, ಮೇಣದ ಮುದ್ರೆ ಹಾಕಿ, ಕೊಲ್ಹಾಪುರದಲ್ಲಿ ತಪಾಸಣೆ ಆಗಿ ಬರುವವರೆಗೆ ಇದನ್ನು ಹಾಕಬೇಡಿ ಅಂದರು, ಅಷ್ಟೇ. ಆದರೆ ಖಾಕಿ ಬಟ್ಟೆಯವರು ನಮ್ಮ ಹೊಟೇಲಿನಿಂದ ಬಾಟಲಿ ಹಿಡಿದುಕೊಂಡು ಹೋದದ್ದನ್ನು ಎದುರಿನ ಶೆಡ್ಡುಗಳ ಜನ ಬಾಗಿಲಿಗೆ ಬಂದು ನೋಡಿದರು.

ಮುಂದಿನ ವಾರಗಳಲ್ಲಿ ಇವರು ಖಾಲಿ ಹೊಟೇಲಿನಲ್ಲಿ ಕೂತು ಒಲೆ ಉರಿಸಿದರು. "ತಪಾಸ ಆಗಿ ಬರ್ಲಿ, ಎಲ್ಲಾರೂ ತಿರಗಿ ಬರ್ತಾರ" ಅನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಕೊಲ್ಹಾಪುರಕ್ಕೆ ಕರೆ ಬಂತು. ಇವರು ಬೆಳಿಗ್ಗೆ ಹೋದವರು ಮಧ್ಯಾಹ್ನ ಇಳಿಹೊತ್ತಿಗೆ ಬಾಟಲಿ ಹಿಡಿದುಕೊಂಡು ಓಡುತ್ತಲೇ ಮನೆಗೆ ಬಂದರು. ಚಪ್ಪಲಿ ಕೂಡ ಬಿಡಲಿಲ್ಲ.

"ಅವ್ವಾ, ಬಿಟ್ಟಾರ! ತಪ್ಪೇನೂ ಇಲ್ಲಂತ! ಸಾಹೇಬರು ಭಾಳ ಚೊಲೋ ಮನಷ್ಯಾ. ಇಂಥಾ ಎಲ್ಲಾ ಎಸೆನ್ಸಿನಾಗೂ ಒಂಚೂರು ಸ್ಪಿರಿಟ್ ಇರ್ತೈತಂತ, ಅದಕ್ಕs ಆ ಘಾಟು. ಅದು ಗುನ್ಹಾ ಅಲ್ಲಂತ, ಎರಡು ಹನಿಲೆ ಯಾರಿಗೂ ನಿಶೆ ಏರೂದಿಲ್ಲಂತ. ಕುದಿಯೂದರಾಗ ಹಾಕಿದ್ರ ಅದೂ ಹಾರಿ ಹೋಗತೈತಂತ."

ಅತ್ತೆ ಗೋಡೆಗೆ ಒರಗಿ ಕೂತು ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಕೆಳಗಿಟ್ಟರು.

"ಸ್ಪಿರಿಟ್ ಅಂದ್ರ ಏನೋ ಯಪ್ಪಾ?"

ಇವರು ಸುಳ್ಳು ಹೇಳಬಹುದಿತ್ತು. ಅದೊಂದು ಔಷಧ ಅಂತ ಹೇಳಿ ಮುಗಿಸಿದ್ದರೆ ಆ ಮುದುಕಿ ನಂಬುತ್ತಿದ್ದರು. ಆದರೆ ತಾಯಿಯ ಮುಂದೆ ಸುಳ್ಳಾಡುವುದು ಅವರಿಗೆ ಬರುತ್ತಿರಲಿಲ್ಲ.

"ದಾರೂನಾಗ ಇರೂದs ಅವ್ವಾ. ಆದರ ಹನಿಯೊಳಗಿನ ಹನಿ. ಕುದ್ರ ಹಾರಿ ಹೋಗತೈತಿ."

"ನೀ ಕುದಿಯೂದರಾಗ ಎಲ್ಲಿ ಹಾಕ್ತಿದ್ದಿ?" ಅಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಇಳಿಸಿದ ಮ್ಯಾಲೆ ಹಾಕ್ತಿದ್ದಿ. ದಿನಾ ಕುಂತು ನಾನs ನೋಡೇನಲ್ಲೋ."

ಇವರು ಬಾಟಲಿ ಹಿಡಿದುಕೊಂಡು ನಿಂತೇ ಇದ್ದರು. ಅತ್ತೆ ತಮ್ಮ ಎರಡೂ ಅಂಗೈ ಬಿಚ್ಚಿ ನೋಡಿಕೊಂಡರು. "ಲಿಂಗಾ ಹಿಡಿಯೂ ಕೈ ಇವು. ಇವs ಕೈಲೆ ಆ ಬಸಿ ಹಿಡದು, ಪುಣ್ಯಾತ್ಮ ಅಂತ ಬ್ಯಾರೆ ಅಂದೆ" ಅಂದು ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದು ಕೇಳಿಸಿತು. ಹೊಟ್ಟೆಯಲ್ಲಿ ಇಲ್ಲದ್ದು ಎಲ್ಲಿಂದ ಬರಬೇಕು? ಅವರು ಆ ಚಹಾ ಕುಡಿದೇ ಒಂದು ತಿಂಗಳಾಗಿತ್ತು.

ನಾವು ಮಠದ ಅಯ್ಯನವರನ್ನು ಮನೆಗೆ ಕರೆಸಿದೆವು. ಅವರು ದೊಡ್ಡ ಮನಸ್ಸಿನವರು. "ಗೊತ್ತಿಲ್ಲದ ಆದದ್ದಕ್ಕ ಪಾಪ ಇಲ್ಲವಾ ತಾಯಿ. ವಿಭೂತಿ ಹಚ್ಕೋ, ಪೂಜಿ ಮಾಡು, ಮರತುಬಿಡು" ಅಂದರು. ಅತ್ತೆ ಅವರ ಪಾದಕ್ಕೆ ನಮಸ್ಕಾರ ಮಾಡಿ ಹೌದ್ರಿ ಅಂದರು. ಆದರೆ ಮರೆಯಲಿಲ್ಲ. ನನ್ನ ಕೈಯ ಅಡಿಗೆ ಬಿಟ್ಟರು. ತಾವೇ ಬೇರೆ ಪಾತ್ರೆ ಇಟ್ಟುಕೊಂಡು ಗಂಜಿ ಕಾಸಿಕೊಂಡರು. ಮಗ ನೀರು ತಂದರೆ, "ಇರಲಿ ಬಿಡು, ನನಗ ನೀರಡಿಕಿಲ್ಲ" ಅನ್ನುತ್ತಿದ್ದರು. ಒಂದು ದಿನ ಹಿರಿಯ ಮಗನನ್ನು ಕರೆಸಿಕೊಂಡು ದತ್ತವಾಡಕ್ಕೆ ಹೊರಟರು. ಬಸ್ಸು ಹತ್ತುವಾಗ ನನ್ನ ಗಲ್ಲ ಹಿಡಿದು, "ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲವಾ. ನನಗs ನನ್ನ ಬಾಯಿ ಅಂದ್ರ ಅಸಹ್ಯ ಆಗೇತಿ" ಅಂದರು.

ತಪ್ಪಿಲ್ಲ ಅಂತ ಬಂದ ಸುದ್ದಿ ಯಾರಿಗೂ ಬೇಕಿರಲಿಲ್ಲ. ಇವರು ಕಂಡಕಂಡವರಿಗೆ ಹೇಳಿದರು. ಕೇಳಿದವರು, "ಹೌದೇನ್ರಿ, ಚೊಲೋ ಆತ ಬಿಡ್ರಿ" ಅನ್ನುತ್ತಿದ್ದರು, ಮತ್ತೆ ಮುಂದಿನ ಓಣಿಯ ಹೊಟೇಲಿಗೆ ಹೋಗುತ್ತಿದ್ದರು. ಬರೀ ಚಹಾ, ಏಲಕ್ಕಿ ಚಹಾ ಎಲ್ಲ ಮಾಡಿ ನೋಡಿದೆವು. ಮಳೆಗಾಲದ ಹೊತ್ತಿಗೆ ತಗಡು ಬಿಚ್ಚಿ ಮಾರಿದೆವು.

ನಾನು ಗಡಹಿಂಗ್ಲಜಕ್ಕೆ ಹೋದೆ. ಇವರನ್ನು ಮತ್ತೆ ಮಗ್ಗಕ್ಕೆ ಕಳಿಸಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿ ಇತ್ತು. ಅಪ್ಪನ ಅಂಗಡಿಯಲ್ಲಿ ತೂಕ ಮಾಡುವುದೋ, ಚೀಲ ಎಣಿಸುವುದೋ ಏನಾದರೂ ಕೊಟ್ಟರೆ ಅಲ್ಲೇ ಒಂದು ಖೋಲಿ ಹಿಡಿದು ಇರೋಣ ಅಂತ. ಅಪ್ಪ ಎಲ್ಲ ಕೇಳಿದರು. ಅವ್ವ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

"ಅಳಿಯಂದ್ರು ಅಂಥವರಲ್ಲ, ನನಗ ಗೊತ್ತೈತಿ," ಅಂದರು ಅಪ್ಪ. "ಆದರ ಸುದ್ದಿ ಇಲ್ಲೀತನಕ ಬಂದೈತಿ ಮಗಳ. ಪೇಟ್ಯಾಗ ಮೊನ್ನೆ ಒಬ್ಬಾಂವ ಕೇಳಿದ, ನಿಮ್ಮ ಅಳಿಯನ್ನ ದಾರೂ ಕೇಸಿನಾಗ ಹಿಡದಿದ್ರಂತಲ್ಲ ಅಂತ. ನಿನ್ನ ತಂಗಿಗೆ ವರಾ ನೋಡಾಕತ್ತೇವಿ. ಒಂದೀಟು ತಣ್ಣಗಾಗಲಿ. ಅಕೀ ಲಗ್ನ ಒಂದು ಮುಗೀಲಿ."

ಅಪ್ಪ ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವ್ವ ಖಾರದಪುಡಿ, ಶೇಂಗಾ ಕಟ್ಟಿಕೊಟ್ಟಳು. ಗಂಟು ಕಂಕುಳಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ತಿರುಗಿ ಬಂದೆ. ನನ್ನ ಮುಖ ನೋಡಿ ಇವರು ಗಂಟು ಇಸಿದುಕೊಂಡು ಒಳಗಿಟ್ಟರು. ಮರುದಿನ ಮಗ್ಗಕ್ಕೆ ಹೋದರು.

ಆ ಚಳಿಗಾಲದಲ್ಲಿ ದತ್ತವಾಡದಿಂದ ಸುದ್ದಿ ಬಂತು, ಅತ್ತೆ ಹಾಸಿಗೆ ಹಿಡಿದಿದ್ದಾರೆ, ಇಂದೋ ನಾಳೆಯೋ ಅಂತ. ಹೋದೆವು. ಪಡಸಾಲೆಯಲ್ಲಿ ಮಲಗಿಸಿದ್ದರು. ಎಷ್ಟು ಸಣ್ಣಗಾಗಿದ್ದರು ಅಂದರೆ ಕೌದಿಯ ಕೆಳಗೆ ಮನುಷ್ಯರಿದ್ದಾರೆ ಅಂತ ಅನ್ನಿಸುತ್ತಿರಲಿಲ್ಲ. ಇವರು ತಲೆಯ ಹತ್ತಿರ ಕೂತು "ಅವ್ವಾ" ಅಂದರು. ಅತ್ತೆ ಕಣ್ಣು ತೆರೆದರು. ತುಟಿ ಒಣಗಿ ಸೀಳಿತ್ತು. ನೀರು ಅಂತ ಅಂದದ್ದು ನಮಗೆಲ್ಲ ಕೇಳಿಸಿತು. ಇವರು ಬಟ್ಟಲಿನಲ್ಲಿ ನೀರು ತೆಗೆದುಕೊಂಡು, ತಲೆಯ ಕೆಳಗೆ ಒಂದು ಕೈ ಕೊಟ್ಟು, ತುಟಿಗೆ ಹಿಡಿದರು.

ಅತ್ತೆ ಬಾಯಿ ಮುಚ್ಚಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ನೀರು ಗಲ್ಲದ ಮೇಲಿಂದ ಹರಿದು ದಿಂಬಿಗೆ ಹೋಯಿತು. ಇವರು ಇನ್ನೊಮ್ಮೆ ಹಿಡಿದರು, "ಅವ್ವಾ, ನಾನು ಅವ್ವಾ. ಬರೀ ನೀರು ಅವ್ವಾ." ಅತ್ತೆ ತಿರುಗಲಿಲ್ಲ. ನನ್ನ ನೆಗೆಣ್ಣಿ, ಹಿರಿಯ ಸೊಸೆ, ಮೆಲ್ಲಗೆ ಬಟ್ಟಲು ತೆಗೆದುಕೊಂಡು ಹತ್ತಿಯಲ್ಲಿ ಅದ್ದಿ ತುಟಿಗೆ ಹಿಂಡಿದಳು. ಆಗ ಗುಟುಕು ಇಳಿಯಿತು. ಅತ್ತೆಗೆ ಖಬರಿರಲಿಲ್ಲ, ಯಾರು ಏನು ಅಂತ ಗುರುತಿರಲಿಲ್ಲ, ಬಟ್ಟಲಿನಿಂದ ನುಂಗಲು ಆಗುತ್ತಿರಲಿಲ್ಲ ಅಂತ ಭಾವ ಆಮೇಲೆ ಎಷ್ಟೋ ಸಲ ತಮ್ಮನಿಗೆ ಹೇಳಿದರು. ಇರಬಹುದು. ನಾನೂ ಹಾಗೇ ಹೇಳಿದೆ. ಇವರು ಕೇಳಿಸಿಕೊಳ್ಳುತ್ತಿದ್ದರು, ತಲೆ ಆಡಿಸುತ್ತಿದ್ದರು. ಮರುದಿನ ಬೆಳಗಾಗುವಷ್ಟರಲ್ಲಿ ಅತ್ತೆ ಹೋದರು. ಮಣ್ಣು ಕೊಡುವಾಗಲೂ ಇವರು ಅಳಲಿಲ್ಲ. ಬಟ್ಟಲು ಹಿಡಿದಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಆಮೇಲಿನ ವರ್ಷಗಳು ಒಂದರ ಹಾಗೆ ಇನ್ನೊಂದು. ಮಗ್ಗ, ಕೆಮ್ಮು, ಮಗ್ಗ. ಮಗ್ಗದ ಸದ್ದಿಗೆ ಕಿವಿಯೂ ಮಂದವಾಯಿತು. ಇವರು ಮನೆಯಲ್ಲಿ ಮಾತಾಡುವುದು ಕಡಿಮೆ ಮಾಡಿದರು. ಚಹಾ ಕುಡಿಯುವುದನ್ನೇ ಬಿಟ್ಟರು, ನನ್ನೊಬ್ಬಳಿಗೇ ಮಾಡಿಕೊಳ್ಳಲು ಮನಸ್ಸಾಗದೆ ನಾನೂ ಬಿಟ್ಟೆ. ತಂಗಿಯ ಲಗ್ನವಾಯಿತು. ಲಗ್ನಕ್ಕೆ ನನ್ನನ್ನು ಕರೆದರು, ಇವರನ್ನೂ ಕರೆದರು, ಆದರೆ ಆ ಕರೆಯಲ್ಲಿ ಬರಬೇಡಿ ಅನ್ನುವುದೇ ಹೆಚ್ಚಾಗಿತ್ತು. ನಾವು ಹೋಗಲಿಲ್ಲ. ಆಮೇಲೆ ಅಪ್ಪ ಕೆಲಸದ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇವರ ಎದೆಯಲ್ಲಿ ನೀರು ತುಂಬಿದೆ ಅಂತ ದವಾಖಾನೆಗೆ ಹಾಕಿದ್ದಾಗ, ಅಲ್ಲಿಯ ವರಾಂಡದಲ್ಲಿ ಕೊನೆಯ ಮನೆಯ ಆ ಹೆಂಗಸು ಸಿಕ್ಕಳು. ಆವತ್ತು ಬಸುರಿಯಾಗಿ ಬಂದು ಬಾಟಲಿ ಮೂಸಿದವಳು. ಅವರು ಶಹಾಪುರ ಬಿಟ್ಟು ಬೇರೆ ಕಡೆ ಹೋಗಿ ಬಹಳ ದಿನಗಳಾಗಿದ್ದವು. ಅವಳ ಒಂದು ಕಣ್ಣಿನ ಸುತ್ತ ಹಸಿರುಗಟ್ಟಿತ್ತು, ಮೊಣಕೈಗೆ ಪಟ್ಟಿ ಕಟ್ಟಿದ್ದರು. ನನ್ನ ಗುರುತು ಹಿಡಿದು ತಾನೇ ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾ, ನಿಮ್ಮ ಚಾದಾಗ ಏನೂ ಇರಲಿಲ್ಲ," ಅಂದಳು. "ಇಂವ ನದೀ ಕಡೆ ಹೋಗಿ ಕುಡೀತಿದ್ದ. ನನಗ ತಿಂಗಳದಾಗ ಗೊತ್ತಾತು."

"ತಿಂಗಳದಾಗ? ಆಗಿನ್ನೂ ನಮ್ಮ ಹೊಟೇಲ ಇತ್ತಲ್ಲs. ಬಂದು ಯಾಕ ಹೇಳಲಿಲ್ಲ?"

"ಯಾರ ಮುಂದ ಹೇಳ್ಲಿ ಅಕ್ಕಾ? ನನ್ನ ಗಂಡ ಕುಡಕ ಅಂತ ನಾನs ಓಣ್ಯಾಗ ನಿಂತು ಹೇಳ್ಲ್ಯಾ? ಮಾಲಕ ಕೆಲಸದಿಂದ ತಗೀತಿದ್ದ. ಹೊಟ್ಯಾಗ ಕೂಸಿತ್ತು." ಮೊಣಕೈಯ ಪಟ್ಟಿ ಸರಿಮಾಡಿಕೊಳ್ಳುತ್ತ, "ನೀವು ದೊಡ್ಡವರು, ಹೆಂಗರ ಎದ್ದು ನಿಂದರತೀರಿ ಅಂತ ತಿಳದಿದ್ದೆ" ಅಂದಳು.

ಅವಳ ಕಣ್ಣಿನ ಸುತ್ತಲಿನ ಹಸಿರು ನೋಡುತ್ತ ಕೂತೆ. ಬೈಯಬೇಕೆಂದು ಎಷ್ಟೋ ವರ್ಷಗಳಿಂದ ಕೂಡಿಟ್ಟ ಮಾತುಗಳಿದ್ದವು. ಒಂದೂ ನೆನಪಿಗೆ ಬರಲಿಲ್ಲ. ನರ್ಸಮ್ಮ ಅವಳ ಹೆಸರು ಕರೆದಳು, ಅವಳು ಎದ್ದು ಹೋದಳು.

ಒಳಗೆ ಹೋಗಿ ಇವರ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಎಲ್ಲ ಹೇಳಿದೆ. ಪಕ್ಕದ ಮಂಚದವರು ತಿರುಗಿ ನೋಡಿದರು. ಇವರು ಛಾವಣಿ ನೋಡುತ್ತ ಕೇಳಿದರು. ಸಿಟ್ಟು ಬರುತ್ತದೆ, ಇಲ್ಲವೇ ಈಗಲಾದರೂ ಅಳುತ್ತಾರೆ ಅಂದುಕೊಂಡಿದ್ದೆ.

"ಆಂವ ಈಗರ ಕುಡಿಯೂದು ಬಿಟ್ಟಾನಂತೇನು?" ಅಂದರು.

"ಇಲ್ಲ. ಹೊಡೀತಾನ ಅಕೀನ್ನ."

"ಪಾಪ," ಅಂದರು. ಆಮೇಲೆ ಕೆಮ್ಮು ಬಂತು, ಬಹಳ ಹೊತ್ತು ಬಿಡಲಿಲ್ಲ. ನಾನು ಬೆನ್ನು ತಿಕ್ಕಿದೆ. ಕೆಮ್ಮು ನಿಂತ ಮೇಲೆ, "ಅವ್ವ ಇದ್ದಿದ್ರೂ ಇದರಿಂದ ಏನೂ ಆಗ್ತಿರಲಿಲ್ಲ. ಆ ಬಾಟ್ಲ್ಯಾಗ ಇದ್ದದ್ದಂತೂ ಇತ್ತು" ಅಂದು ಮಗ್ಗುಲು ಬದಲಿಸಿದರು.

ಹೋಳಿ ಹಬ್ಬದ ಹಿಂದೆ ಮುಂದೆ ಇವರು ತೀರಿಕೊಂಡರು. ಸಾಯುವ ವಯಸ್ಸಲ್ಲ. ಅಪ್ಪ ಬಂದು ನನ್ನನ್ನು ಗಡಹಿಂಗ್ಲಜಕ್ಕೆ ಕರೆದುಕೊಂಡು ಹೋದರು. ಆಗ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು, ಮೆಣಸಿನಕಾಯಿಯ ತೊಟ್ಟು ಮುರಿಯುವುದು, ಹಾಳಾದದ್ದನ್ನು ಆರಿಸುವುದು. ಅಪ್ಪ ದಿನಾ ಸಂಜೆ ಅಂಗಡಿ ಮುಚ್ಚುವಾಗ ನನ್ನ ಹತ್ತಿರ ಬಂದು ನಿಲ್ಲುತ್ತಿದ್ದರು, ಏನೋ ಹೇಳಬೇಕು ಅನ್ನುವಂತೆ. "ನಡಿ ಮಗಳ, ಹೊತ್ತಾತು" ಅನ್ನುವುದಕ್ಕಿಂತ ಹೆಚ್ಚೇನೂ ಅವರ ಬಾಯಿಂದ ಬರುತ್ತಿರಲಿಲ್ಲ. ನಾನು ಕೈ ತೊಳೆದುಕೊಂಡು ಅವರ ಹಿಂದೆ ಮನೆಗೆ ನಡೆಯುತ್ತಿದ್ದೆ. ಯಾರ ಮೇಲಾದರೂ ಸಿಟ್ಟು ಬಂದಿದ್ದರೆ ಬದುಕು ಸ್ವಲ್ಪ ಹಗುರ ಆಗುತ್ತಿತ್ತೋ ಏನೋ. ಬರಲಿಲ್ಲ.